ಕಡೆಯ ತಾಟು

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಚಾಕುವನ್ನೇ ಹಿಡಿದು ಓಡಿಬಂದಿದ್ದ ಶರಣವ್ವ ಅದನ್ನು ಡಾಕ್ಟರ ಕುತ್ತಿಗೆಗೆ ಒತ್ತಿದ್ದಳು. "ಆ ರಕ್ತದ ಬಾಟ್ಲಿ ನನ್ನ ಮಗಗ ಏರಸ್ರಿ. ಇಲ್ಲಂದ್ರ ಇಲ್ಲೆ ನಿಮ್ಮ ರಕ್ತ ಹರೀತದ!" ಬಿಳಿ ಕೋಟಿನ ಕಾಲರಿನ ಮೇಲೆ ಆಗಲೇ ಕೆಂಪು ಗೆರೆ ಇಳಿಯುತ್ತಿತ್ತು.

ಪರೇಲಿನ ಗಿರಣಿ ಗೇಟಿನ ಹೊಡೆದಾಟದಲ್ಲಿ ಇರಿತಕ್ಕೊಳಗಾದ ಇಬ್ಬರೂ ಅಕ್ಕಪಕ್ಕದ ಮಂಚಗಳಲ್ಲಿದ್ದರು. ಒಬ್ಬ ಅವಳ ಮಗ ಬಸಲಿಂಗ, ಇನ್ನೊಬ್ಬ ಅವಳ ಖಾನಾವಳಿಯಲ್ಲಿ ಉಣ್ಣುವ ನೀಲಪ್ಪ. "ಒಂದೇ ಬಾಟಲಿ ಉಂಟಮ್ಮಾ," ಎಂದರು ಡಾಕ್ಟರು, ಅಲುಗದೆ. "ಅರ್ಧರ್ಧ ಕೊಟ್ಟರೆ ಇಬ್ಬರೂ ಹೋಗ್ತಾರೆ. ಪೂರ್ತಿ ಕೊಟ್ಟರೂ ನಿಮ್ಮ ಮಗ ಉಳಿಯುವುದು ಸಂಶಯ. ಪಕ್ಕದವನಿಗೆ ಕೊಟ್ಟರೆ ಅವನು ಉಳೀತಾನೆ."

"ಅಂವ ನನಗ ಯಾರ್ರೀ? ಸಾಯ್ಲಿ!" ಚಾಕು ಇನ್ನಷ್ಟು ಒಳಗಿಳಿಯಿತು.

ಆ ಚೀರಾಟಕ್ಕೆ ಬಸಲಿಂಗ ಕಣ್ಣು ತೆರೆದ. ಖಾನಾವಳಿಯ ಮಂದಿ ಉಂಡೆದ್ದ ಮೇಲೆಯೇ ಮನೆಯವರ ತಾಟು ಎಂಬುದು ಶರಣವ್ವನ ಕಟ್ಟಳೆ. ಚಿಕ್ಕಂದಿನಿಂದ ಅಡುಗೆಮನೆಯ ಹೊಸ್ತಿಲ ಮೇಲೆ ಹಸಿದು ಕೂತು ಕೇಳುತ್ತಿದ್ದುದನ್ನೇ, ತುಟಿಯಂಚಿನಲ್ಲಿ ರಕ್ತ ಸುರಿಸುತ್ತ, ನಿದ್ದೆಗಣ್ಣಿನಲ್ಲೆಂಬಂತೆ ಈಗಲೂ ಕೇಳಿದ: "ಅವ್ವಾ, ಎಲ್ಲಾರ್ದೂ ಊಟ ಆತೇನ?"

ಶರಣವ್ವ ನೀಲಪ್ಪನ ಕಡೆ ನೋಡಿದಳು. ಚಾಕು ಹಿಡಿದ ಕೈ ತಾನಾಗಿ ಕೆಳಗಿಳಿಯಿತು.

"ಇಲ್ಲೋ ನನ್ನಪ್ಪಾ," ಎಂದಳು. "ಇನ್ನೊಬ್ಬಂದು ಆಗಬೇಕು."