ಅತ್ತೆ ನಕ್ಕರು

ಅತ್ತೆಯಾಗುವವರು ನಗುವುದನ್ನು ತನುಜಾ ಈವರೆಗೆ ಕಂಡೇ ಇರಲಿಲ್ಲ. ನಿಶ್ಚಿತಾರ್ಥದ ದಿನವೂ ಅವರದು ಗಂಟುಮೋರೆಯೇ. ಇಂಥವರ ಜೊತೆ ಬಾಳುವುದು ಹೇಗಪ್ಪಾ ಎಂದು ಮದುವೆಯ ಬೆಳಿಗ್ಗೆ ಕನ್ನಡಿಯ ಮುಂದೆ ಕೂತಾಗಲೂ ಅವಳು ಯೋಚಿಸುತ್ತಿದ್ದಳು.

ಮೊಗ್ಗಿನ ಜಡೆ ಹೆಣೆಯಲು ಬಂದಿದ್ದ ಪಾರ್ಲರಿನಾಕೆ ಅವಳ ಬಾಯಿಗೊಂದು ಹೇರ್‌ಪಿನ್ ಅಡ್ಡವಾಗಿ ಕೊಟ್ಟಳು. "ಹಲ್ಲಲ್ಲಿ ಕಚ್ಕೊಂಡಿರಮ್ಮಾ. ತುಟಿ ತಾಗಿಸ್ಬೇಡ, ಲಿಪ್‌ಸ್ಟಿಕ್ ಹೋಗುತ್ತೆ." ಉಳಿದ ಪಿನ್ನುಗಳನ್ನು ತನ್ನ ತುಟಿಗಳ ನಡುವೆ ಬಿಗಿಯಾಗಿ ಒತ್ತಿಕೊಂಡಳು.

ಅಷ್ಟರಲ್ಲಿ ಬಾಗಿಲು ತೆರೆದು ಅತ್ತೆಯೇ ಇಣುಕಿದರು. ಕನ್ನಡಿಯಲ್ಲಿ ಸೊಸೆಯಾಗುವವಳನ್ನು ಒಂದು ಗಳಿಗೆ ನೋಡಿ ಹೊರಟುಹೋದರು.

ತನುಜಾ ಪಿನ್ನನ್ನು ಅಂಗೈಗೆ ಉದುರಿಸಿದಳು. "ಅಕ್ಕಾ, ನೋಡಿದ್ರಾ? ಅತ್ತೆ ನಕ್ರು!"

ಪಾರ್ಲರಿನಾಕೆಯೂ ಬಾಯಿ ಖಾಲಿ ಮಾಡಿಕೊಂಡಳು. "ನಕ್ರಾ? ನನಗೇನೋ ಹಾಗಲಕಾಯಿ ತಿಂದವರ ಮುಖ ಕಂಡ ಹಾಗಾಯ್ತು."

"ದೇವರಾಣೆ ನಕ್ರು ಅಕ್ಕಾ. ನಾನು ಅವರಿಗೆ ಇಷ್ಟ ಆಗಿದೀನಿ."

ಬಾಗಿಲಾಚೆಯಿಂದ ಅತ್ತೆ ಗಂಡನಿಗೆ ಹೇಳುವುದು ಕೇಳಿಸಿತು: "ಯಾವಾಗ ನೋಡಿದ್ರೂ ಮುಖ ಊದಿಸ್ಕೊಂಡಿರ್ತಿದ್ದ ಹುಡುಗಿ, ಇವತ್ತು ನನ್ನ ಕಂಡು ಹಲ್ಲೆಲ್ಲ ಕಾಣೋ ಹಾಗೆ ನಕ್ಕಳು ಕಣ್ರೀ!"