ಕೊನೆಯಿಂದ ಓದಿದ ಕರಡು

ಧಾರವಾಡದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ವಾರಿಜಾಬಾಯಿ ಪ್ರತಿ ಪುಟವನ್ನೂ ಕೊನೆಯ ಪದದಿಂದ ಮೊದಲ ಪದದತ್ತ ಓದುತ್ತಿದ್ದರು. ಆ ಕಸುಬಿನವರೆಲ್ಲ ಓದುವುದೇ ಹಾಗೆ. ನೇರವಾಗಿ ಓದಿದವರಿಗೆ ಕಾದಂಬರಿಯ ನಾಯಕನ ಹುಚ್ಚು ಎಂಟು ದಿನ ಅಂಟಿಕೊಳ್ಳುತ್ತಿತ್ತು. ಓದುಗರು ಅದಕ್ಕೆಂದೇ ರಜೆ ಹಾಕುತ್ತಿದ್ದರು. ತಿದ್ದುವವರಿಗೆ ಅಷ್ಟು ರಜೆ ಯಾರು ಕೊಡಬೇಕು?

ಮುದಗಲ್ಲ ಮಾಸ್ತರರ ಕಾದಂಬರಿಯ ನಾಯಕ ಎದುರುಮನೆಯ ಗಾಯಕಿಯ ಮೋಹದಲ್ಲಿ ಕೊನೆಗೆ 'ಓಣಿಯನ್ನೆಲ್ಲ ಹಾಳು ಮಾಡಿದ'. ಮೊದಲ ಮುದ್ರಣ ಓದಿದವರು ಕಿಟಕಿ, ಹೂಕುಂಡ, ಕಡೆಗೆ ಮಾಸ್ತರರ ಮನೆಯ ಕದವನ್ನೂ ಒಡೆದಿದ್ದರು. ಪುಸ್ತಕ ನಿಷೇಧಿಸಿ ಎಂದು ಮೆರವಣಿಗೆಯೂ ನಡೆದಿತ್ತು. ಒಂದಕ್ಷರವನ್ನೂ ಬದಲಿಸುವುದಿಲ್ಲವೆಂದು ಮಾಸ್ತರರು ಹಟ ಹಿಡಿದಿದ್ದರು.

ಎರಡನೇ ಮುದ್ರಣ ಹೊರಬಿದ್ದ ಮೂರನೇ ದಿನ ಅವರು ಪುಸ್ತಕ ಹಿಡಿದು ಬಂದರು.

"ಬಾಯಾರ, ಕೊನೀ ಸಾಲು ನೋಡ್ರಿಲ್ಲೆ."

'ಓಣಿಯನ್ನೆಲ್ಲ ಹಾಡು ಮಾಡಿದ' ಎಂದಿತ್ತು. 'ಹಾಳು' ಇರಬೇಕಾದಲ್ಲಿ 'ಹಾಡು' ಬಂದು ಕೂತಿತ್ತು. ಒಂದೊಂದೇ ಪದವಾಗಿ ನೋಡುವವರಿಗೆ 'ಹಾಡು' ತಪ್ಪೆಂದು ಕಾಣುವುದಾದರೂ ಹೇಗೆ?

"ತಪ್ಪಾತ್ರಿ ಸರ. ಎಲ್ಲಾ ಪ್ರತಿ ವಾಪಸ್ ತರಸ್ತೀವಿ."

"ಯಾರು ಕೊಡ್ತಾರ? ಹೊರಗ ಕೇಳ್ರಿ."

ಹೊರಗೆ ಹಾಲಿನವನು ಕ್ಯಾನಿನ ಮೇಲೆ ತಾಳ ಹಾಕುತ್ತಿದ್ದ. ಮೆರವಣಿಗೆಯ ಮುಂದಾಳು ಓಣಿಯ ಒಂದೊಂದು ಮನೆಯ ಮೇಲೂ ಒಂದೊಂದು ನುಡಿ ಕಟ್ಟಿ ಹಾಡುತ್ತಿದ್ದ. ಮಾಸ್ತರರ ಮುರಿದ ಕದಕ್ಕೂ ಒಂದು ನುಡಿಯಿತ್ತು. ಜನ ಅದನ್ನೇ ಮತ್ತೆ ಮತ್ತೆ ಹಾಡಿಸುತ್ತಿದ್ದರು.

ತಮಗರಿವಿಲ್ಲದೆ ಕಾಲಲ್ಲಿ ತಾಳ ಹಾಕುತ್ತ ಮಾಸ್ತರರು ಚೀಲದಿಂದ ಹೊಸ ಹಸ್ತಪ್ರತಿ ತೆಗೆದು ಮೇಜಿನ ಮೇಲಿಟ್ಟರು.

"ಇದರಾಗ ನಾಯಕ ಊರಿಗೇ ಬೆಂಕಿ ಹಚ್ಚತಾನ. ಇದನ್ನೂ ಕೊನೀಂದನ ಓದ್ರಿ, ಬಾಯಾರ."