ತಾಯಿಗಿಂತ ಹಿರಿಯಳಾದ ಮಗಳು

ಯಾವ ದೇಶದ ಸಂಪತ್ತು ಎಷ್ಟು ವೇಗವಾಗಿ ಬೆಳೆಯುತ್ತಿತ್ತೋ ಅಲ್ಲಿ ಕಾಲವೂ ಅಷ್ಟೇ ವೇಗವಾಗಿ ಓಡುತ್ತಿತ್ತು. ಮಂದಾಕಿನಿ ತನ್ನ ತಾಯಿಯ ಶ್ವಾಸಕೋಶದ ಕಾಯಿಲೆಗೆ ಮದ್ದು ಹುಡುಕಲು ನದಿಯಾಚೆಯ ಶ್ರೀಮಂತ ದೇಶಕ್ಕೆ ಹೋದಾಗ ಅವಳಿಗೆ ಇಪ್ಪತ್ತೈದು ವರ್ಷ. ಅಲ್ಲಿ ಮೂವತ್ತಾರು ವರ್ಷ ಪ್ರಯೋಗಾಲಯದಲ್ಲಿ ದುಡಿದು ಮದ್ದಿನೊಂದಿಗೆ ಮರಳಿದಳು. ಈಚೆ ದಡದಲ್ಲಿ ಕಳೆದದ್ದು ಒಂದೂವರೆ ವರ್ಷ ಮಾತ್ರ.

ಐವತ್ತರ ತಾಯಿ ತುಂಗಮ್ಮ ಕೆಮ್ಮುತ್ತಲೇ ಬಾಗಿಲು ತೆರೆದರು.

"ಯಾರು ಬೇಕಿತ್ತಮ್ಮಾ?"

"ನಾನಮ್ಮ, ಮಂದಾ."

ತುಂಗಮ್ಮ ಆ ನರೆತ ಕೂದಲನ್ನು ಮುಟ್ಟಿ ನೋಡಿ, ಮಗಳನ್ನು ತಬ್ಬಿಕೊಂಡರು.

ಗುಳಿಗೆ ನುಂಗಿದ ಅರ್ಧ ಗಂಟೆಗೆ ಕೆಮ್ಮು ನಿಂತಿತು. ಮಂದಾಕಿನಿ ಮಾತ್ರ ಕೂರಲಾರದೆ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದಳು.

"ಹೊರಡ್ತೀನಮ್ಮ. ಇಲ್ಲಿ ಒಂದು ಗಂಟೆ ಅಂದ್ರೆ ಅಲ್ಲಿ ಒಂದು ದಿನ. ಅಲ್ಲಿ ನನಗೂ ಒಬ್ಬ ಮಗಳಿದ್ದಾಳೆ, ಅವಳಿಗೆ ಹೆರಿಗೆ ಹತ್ತಿರ ಬಂದಿದೆ."

"ನಾನೂ ಬರ್ತೀನಿ."

"ಬೇಡಮ್ಮ. ಅಲ್ಲಿಂದ ವಾಪಸ್ ಬರೋ ಹೊತ್ತಿಗೆ ನೀನು ಮುದುಕಿ ಆಗಿರ್ತೀಯ. ನಿನ್ನ ಗೆಳತಿಯರು ಹೀಗೇ ಇರ್ತಾರೆ."

"ಈಗ ಮುದುಕಿ ಆಗಿರೋಳು ನೀನು. ಬಾಣಂತನ ನಿನ್ನೊಬ್ಬಳ ಕೈಲಿ ಆಗತ್ತಾ? ನಡಿ."

ಹತ್ತೇ ನಿಮಿಷದಲ್ಲಿ ಇಬ್ಬರೂ ಸೇತುವೆ ಹತ್ತಿದರು. ಮಗಳು ಎಷ್ಟು ಕೇಳಿದರೂ ತುಂಗಮ್ಮ ಭಾರದ ಚೀಲವನ್ನು ಅವಳ ಕೈಗೆ ಕೊಡಲಿಲ್ಲ.